ಬೂಟು ತೊಟ್ಟು ಓಡುವ ಅಕ್ಷರಗಳು

ಕಳೆದ ತಿಂಗಳು ಒಂದು ಸಂಜೆ ನಮ್ಮ ಮೊಮ್ಮಗಳು ಪ್ರಿಂಟರಿನಿಂದ ಆಗಷ್ಟೇ ಹೊರಬಂದ ಹಾಳೆಯೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಅವಳು ಆರನೇ ತರಗತಿ. ಸೋಮವಾರ ಅವಳ ಶಾಲೆಯ ನೀರಿನ ಟ್ಯಾಂಕನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುವವರಿದ್ದರು. ಆ ದಿನ ಮಕ್ಕಳು ನಲ್ಲಿ ನೀರು ಕುಡಿಯುವಂತಿಲ್ಲ. ಪ್ರತಿ ನಲ್ಲಿಯ ಮೇಲೂ ಅಂಟಿಸಲು ಇಂಗ್ಲಿಷಿನಲ್ಲೊಂದು, ಕನ್ನಡದಲ್ಲೊಂದು ಸೂಚನೆ ತಯಾರಿಸುವ ಕೆಲಸ ಇವಳ ಪಾಲಿಗೆ ಬಂದಿತ್ತು.

"ಹೇಗಿದೆ ತಾತ?" ಎಂದಳು.

ಕನ್ನಡಕ ಹಾಕಿಕೊಂಡು ಇಂಗ್ಲಿಷ್ ಹಾಳೆಯನ್ನು ನೋಡಿದೆ. ಶಾಲೆಯ ಹೆಸರು, ತಾರೀಕು, ಟ್ಯಾಂಕು ತೊಳೆಯುವ ವಿಚಾರ, ಮನೆಯಿಂದ ನೀರು ತನ್ನಿ ಎಂಬ ಮಾತು, ಕೊನೆಗೆ ಧನ್ಯವಾದ. ಹತ್ತು ಸಾಲು. ಹತ್ತಕ್ಕೆ ಹತ್ತೂ ಸಾಲು ದಪ್ಪ ದಪ್ಪ ಅಕ್ಷರ, ಎಲ್ಲವೂ ಬಲಕ್ಕೆ ಬಾಗಿ ಓಡುತ್ತಿರುವಂತೆ. ಪ್ರತಿ ಅಕ್ಷರದ ಬುಡದಲ್ಲೂ ಇಟ್ಟಿಗೆ ಇಟ್ಟಂಥ ಪಾದ.

"ಇದು ಯಾವ ಅಕ್ಷರ ಪುಟ್ಟಿ?"

"ಕಂಪ್ಯೂಟರಿನಲ್ಲಿ ರಾಕ್‌ವೆಲ್ ಅಂತ ಒಂದು ಫಾಂಟ್ ಇದೆ. ಅದಕ್ಕೆ ಬೋಲ್ಡೂ ಒತ್ತಿದೆ, ಇಟ್ಯಾಲಿಕ್ಕೂ ಒತ್ತಿದೆ. ಬೂಟು ಹಾಕ್ಕೊಂಡು ಓಡೋ ಥರ ಇದೆ ಅಲ್ವಾ?"

ಅವಳು ಹೇಳಿದ್ದು ಸರಿಯಾಗಿತ್ತು. ಅದಕ್ಕಿಂತ ಚೆನ್ನಾಗಿ ಆ ಅಕ್ಷರವನ್ನು ನಾನು ವರ್ಣಿಸಲಾರೆ. ಆದರೂ ಕೇಳಿದೆ: "ಇದರಲ್ಲಿ ಮುಖ್ಯವಾದ ಮಾತು ಯಾವುದು?"

"ಎಲ್ಲಾ ಮುಖ್ಯಾನೇ ತಾತ. ಅದಕ್ಕೇ ಎಲ್ಲಾನೂ ದಪ್ಪ ಮಾಡಿದ್ದೀನಿ."

ಆ ಮಾತು ಕೇಳಿದೊಡನೆ ನನಗೆ ನಲವತ್ತೈದು ವರ್ಷಗಳ ಹಿಂದೆ ನಾನೇ ಟೈಪ್ ಮಾಡಿದ್ದ ಒಂದು ನೋಟೀಸು ನೆನಪಾಯಿತು. ಆ ಕಥೆಯನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಬೂಟು ತೊಟ್ಟ ಅಕ್ಷರಗಳು ಎಲ್ಲಿಂದ ಬಂದವು ಎಂಬುದನ್ನು ನೋಡೋಣ.

ಅಕ್ಷರಕ್ಕೂ ಪಾದ

ಮಕ್ಕಳೇ, ನಿಮ್ಮ ಇಂಗ್ಲಿಷ್ ಪಠ್ಯಪುಸ್ತಕ ತೆರೆದು ದೊಡ್ಡಕ್ಷರದ 'ಐ'ಯನ್ನು ಹುಡುಕಿ. ಕೆಲವು ಕಡೆ ಅದು ಬರೀ ಒಂದು ಕಂಬ. ಇನ್ನು ಕೆಲವು ಕಡೆ ಆ ಕಂಬಕ್ಕೆ ಮೇಲೊಂದು, ಕೆಳಗೊಂದು ಚಿಕ್ಕ ಅಡ್ಡಗೆರೆ ಇರುತ್ತದೆ. ಆ ಅಡ್ಡಗೆರೆಗೆ ಸೆರಿಫ್ ಎಂದು ಹೆಸರು. ರೋಮಿನ ಕಲ್ಲಿನ ಶಾಸನಗಳಲ್ಲೂ ಅದು ಕಾಣುತ್ತದೆ. ಸುಮಾರು ಕ್ರಿ.ಶ. 113ರಲ್ಲಿ ನಿಲ್ಲಿಸಿದ ಟ್ರೇಜನ್ ಚಕ್ರವರ್ತಿಯ ಕಂಬದ ಬುಡದಲ್ಲಿರುವ ಅಕ್ಷರಗಳನ್ನು ಇಂದಿಗೂ ಅಕ್ಷರ ವಿನ್ಯಾಸಕರು ಗುರುವಿನಂತೆ ಕಾಣುತ್ತಾರೆ. ಅಡ್ಡಗೆರೆ ಇಲ್ಲದ ಅಕ್ಷರಕ್ಕೆ ಸ್ಯಾನ್ಸ್ ಸೆರಿಫ್ ಎನ್ನುತ್ತಾರೆ. ಫ್ರೆಂಚ್ ಭಾಷೆಯಲ್ಲಿ 'ಸ್ಯಾನ್ಸ್' ಅಂದರೆ 'ಇಲ್ಲದ' ಎಂದರ್ಥ.

ಸಾಧಾರಣ ಸೆರಿಫ್ ತೆಳ್ಳಗೆ, ಮೊನಚಾಗಿ ಇರುತ್ತದೆ. ಚಪ್ಪಲಿ ಹಾಕಿಕೊಂಡ ಪಾದದಂತೆ. ಇದೇ ಸೆರಿಫ್ ಹೆಚ್ಚುಕಡಿಮೆ ಕಂಬದಷ್ಟೇ ದಪ್ಪವಾಗಿ, ಮೂಲೆಗಳೆಲ್ಲ ಚೌಕವಾಗಿ ಇದ್ದರೆ ಅದು ಸ್ಲ್ಯಾಬ್ ಸೆರಿಫ್. ಸ್ಲ್ಯಾಬ್ ಎಂದರೆ ನಮ್ಮ ಕಲ್ಲುಚಪ್ಪಡಿಯೇ. ಚಪ್ಪಡಿಯ ಮೇಲೆ ನಿಂತ ಕಂಬದ ಹಾಗೆ ಈ ಅಕ್ಷರ ಅಲುಗಾಡದೆ ನಿಲ್ಲುತ್ತದೆ.

ನಮ್ಮ ಕನ್ನಡದ ಅಕ್ಷರಕ್ಕೆ ಪಾದವಿಲ್ಲ, ತಲೆಕಟ್ಟು ಇದೆ. ನಾವು ತಲೆಗೆ ಪೇಟ ಸುತ್ತಿದೆವು, ಅವರು ಕಾಲಿಗೆ ಬೂಟು ತೊಡಿಸಿದರು ಎಂದು ಮೊಮ್ಮಗಳಿಗೆ ಹೇಳಿದೆ. ನಕ್ಕಳು.

ಲಂಡನ್ನಿನ ಗೋಡೆಗಳ ಮೇಲೆ

ಚಪ್ಪಡಿ ಪಾದದ ಅಕ್ಷರ ಹುಟ್ಟಿದ್ದು ಪುಸ್ತಕಕ್ಕಾಗಿ ಅಲ್ಲ, ಗೋಡೆಗಾಗಿ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಕಾರ್ಖಾನೆಗಳು ಹೆಚ್ಚಿದವು, ಅಂಗಡಿಗಳು ಹೆಚ್ಚಿದವು. ನಾಟಕ, ಲಾಟರಿ, ಕುದುರೆಗಾಡಿಯ ವೇಳೆ, ಎಲ್ಲಕ್ಕೂ ಭಿತ್ತಿಪತ್ರಗಳು ಬಂದವು. ಪುಸ್ತಕ ಓದುವವನು ಕುರ್ಚಿಯಲ್ಲಿ ಕೂತಿರುತ್ತಾನೆ. ಭಿತ್ತಿಪತ್ರ ಓದುವವನು ನಡೆಯುತ್ತಾ ಹೋಗುತ್ತಿರುತ್ತಾನೆ. ಅವನನ್ನು ತಡೆದು ನಿಲ್ಲಿಸಲು ತೆಳ್ಳನೆಯ ಅಕ್ಷರಕ್ಕೆ ಶಕ್ತಿ ಸಾಲದು.

ಆಗ ಲಂಡನ್ನಿನಲ್ಲಿ ಅಚ್ಚಿನ ಮೊಳೆ ಎರಕ ಹೊಯ್ಯುತ್ತಿದ್ದ ವಿನ್ಸೆಂಟ್ ಫಿಗಿನ್ಸ್ ಎಂಬಾತ 1810ರ ದಶಕದಲ್ಲಿ ಈ ಚಪ್ಪಡಿ ಪಾದದ ಮೊಳೆಗಳನ್ನು ತಂದ. ಹೊಚ್ಚ ಹೊಸ ಅಕ್ಷರಕ್ಕೆ ಅವನಿಟ್ಟ ಹೆಸರು 'ಆಂಟೀಕ್', ಅಂದರೆ ಪುರಾತನ! ಅವನ ಪ್ರತಿಸ್ಪರ್ಧಿ ರಾಬರ್ಟ್ ಥಾರ್ನ್ ಕೂಡ ಇಂಥ ಮೊಳೆ ಮಾಡಿ ಅದನ್ನು 'ಈಜಿಪ್ಷಿಯನ್' ಎಂದು ಕರೆದ. ಥಾರ್ನ್ 1820ರಲ್ಲಿ ತೀರಿಕೊಂಡ ಮೇಲೆ ಅವನ ಎರಕದ ಮನೆಯನ್ನು ಕೊಂಡ ವಿಲಿಯಂ ಥಾರೋಗುಡ್ 1821ರಲ್ಲಿ ಆ ಮೊಳೆಗಳ ಮಾದರಿ ಪುಸ್ತಕ ಹೊರತಂದ. ಅವನು ಎರಕದ ಮನೆ ಕೊಂಡದ್ದು ಲಾಟರಿಯಲ್ಲಿ ಬಂದ ಹಣದಿಂದ ಎಂಬ ಮಾತಿದೆ.

ಈ ಅಕ್ಷರಕ್ಕೂ ಈಜಿಪ್ಟಿಗೂ ಏನು ಸಂಬಂಧ? ಏನೂ ಇಲ್ಲ. 1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದ. ಅಲ್ಲಿ ಸಿಕ್ಕಿದ ರೊಸೆಟ್ಟಾ ಕಲ್ಲು 1802ರಲ್ಲಿ ಲಂಡನ್ನಿಗೆ ಬಂತು. ಅಲ್ಲಿಂದ ಮುಂದೆ ಯುರೋಪಿನ ಜನರಿಗೆ ಪಿರಮಿಡ್ಡಿನ ಹುಚ್ಚು ಹಿಡಿಯಿತು. ಯಾವುದಕ್ಕೆ ಈಜಿಪ್ಟಿನ ಹೆಸರಿಟ್ಟರೂ ಮಾರಾಟವಾಗುತ್ತಿದ್ದ ಕಾಲ ಅದು. ಆ ಹೆಸರಿನ ನೆನಪು ಎಷ್ಟು ಗಟ್ಟಿಯೆಂದರೆ, ನೂರು ವರ್ಷಗಳ ನಂತರ ಹೊಸ ಸ್ಲ್ಯಾಬ್ ಸೆರಿಫ್‌ಗಳು ಬಂದಾಗಲೂ ಅವಕ್ಕೆ ಮೆಂಫಿಸ್, ಕೈರೋ, ಕರ್ನಾಕ್ ಎಂದು ಈಜಿಪ್ಟಿನ ಊರುಗಳ ಹೆಸರನ್ನೇ ಇಟ್ಟರು. ಕರ್ನಾಕ್ ಎಂದಾಗ ಮೊಮ್ಮಗಳು "ನಮ್ಮ ಕರ್ನಾಟಕಾನಾ?" ಎಂದು ಕಣ್ಣರಳಿಸಿದಳು. ಅಲ್ಲ, ಅದು ನೈಲ್ ನದಿಯ ದಡದಲ್ಲಿ ಹಳೆಯ ದೇಗುಲಗಳಿರುವ ಜಾಗ.

ಭಿತ್ತಿಪತ್ರದ ಅಕ್ಷರ ದೊಡ್ಡದಾಗುತ್ತಾ ಹೋದಂತೆ ಸೀಸದ ಮೊಳೆಗಳು ಎತ್ತಲಾರದಷ್ಟು ಭಾರವಾದವು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಎಂಬಾತ ಯಂತ್ರದಿಂದ ಮರದ ಮೊಳೆಗಳನ್ನು ಕೊರೆಯುವ ದಾರಿ ಕಂಡುಹಿಡಿದ. ಸರ್ಕಸ್ಸಿನ ಜಾಹೀರಾತುಗಳಲ್ಲೂ ಹಳೆಯ ಅಮೆರಿಕದ ಕೌಬಾಯ್ ಸಿನಿಮಾಗಳಲ್ಲೂ ಗೋಡೆಗೆ ಅಂಟಿಸಿದ ಹಾಳೆಗಳ ಮೇಲೆ ಕಾಣುವ ದಪ್ಪ ಪಾದದ ಅಕ್ಷರ ಇದೇ ವಂಶದ್ದು.

ದಪ್ಪ ಮತ್ತು ಓರೆ

ಕಂಪ್ಯೂಟರಿನಲ್ಲಿ ಬೋಲ್ಡ್ ಮತ್ತು ಇಟ್ಯಾಲಿಕ್ ಎರಡು ಗುಂಡಿಗಳು ಅಕ್ಕಪಕ್ಕ ಇರುತ್ತವೆ. ನೋಡಿದರೆ ಅವಳಿಗಳಂತೆ ಕಾಣುತ್ತವೆ. ಆದರೆ ಅವುಗಳ ವಯಸ್ಸಿನಲ್ಲಿ ಸುಮಾರು ಮುನ್ನೂರು ವರ್ಷ ವ್ಯತ್ಯಾಸವಿದೆ.

ಓರೆ ಅಕ್ಷರವೇ ಹಿರಿಯಣ್ಣ. ಇಟಲಿಯ ವೆನಿಸ್ ನಗರದಲ್ಲಿ ಆಲ್ಡಸ್ ಮನೂಷಿಯಸ್ ಎಂಬ ಪ್ರಕಾಶಕ 1501ರಲ್ಲಿ ವರ್ಜಿಲ್ ಕವಿಯ ಪುಸ್ತಕವನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಅಚ್ಚು ಹಾಕಿದ. ಅದಕ್ಕಾಗಿ ಫ್ರಾಂಚೆಸ್ಕೊ ಗ್ರಿಫೊ ಎಂಬ ಕುಶಲಕರ್ಮಿ ಆ ಕಾಲದ ವಿದ್ವಾಂಸರ ಕೈಬರಹದಂತೆ ಬಾಗಿದ ಮೊಳೆಗಳನ್ನು ಕೆತ್ತಿಕೊಟ್ಟ. ಇಟಲಿಯಿಂದ ಬಂದದ್ದರಿಂದ ಅದು ಇಟ್ಯಾಲಿಕ್. ಮೊದಲು ಇಡೀ ಪುಸ್ತಕವೇ ಓರೆ ಅಕ್ಷರದಲ್ಲಿರುತ್ತಿತ್ತು. ಕ್ರಮೇಣ ನೆಟ್ಟಗಿನ ಅಕ್ಷರಗಳ ನಡುವೆ ಒಂದು ಮಾತನ್ನು ಮೆಲ್ಲಗೆ ಬೇರೆ ಮಾಡಿ ತೋರಿಸಲು ಮಾತ್ರ ಅದನ್ನು ಬಳಸತೊಡಗಿದರು.

ದಪ್ಪಕ್ಷರ ಬಹಳ ಕಿರಿಯ. 1845ರಲ್ಲಿ ಲಂಡನ್ನಿನ ರಾಬರ್ಟ್ ಬೆಸ್ಲಿಯವರ ಎರಕದ ಮನೆಯಿಂದ 'ಕ್ಲ್ಯಾರೆಂಡನ್' ಎಂಬ ಮೊಳೆ ಬಂತು. ಅದೂ ದಪ್ಪ ಪಾದದ ಅಕ್ಷರವೇ. ಆದರೆ ಪಾದ ಕಂಬವನ್ನು ಸೇರುವ ಕಡೆ ಸ್ವಲ್ಪ ದುಂಡಗೆ. ಸಾಧಾರಣ ಅಕ್ಷರದ ಪಕ್ಕದಲ್ಲಿ ನಿಂತು ಒಂದು ಪದವನ್ನು ಎತ್ತಿ ತೋರಿಸುವುದೇ ಅದರ ಕೆಲಸ. ನಿಘಂಟಿನಲ್ಲಿ ನೀವು ಹುಡುಕುವ ಪದ ದಪ್ಪಗೆ, ಅರ್ಥ ತೆಳ್ಳಗೆ ಇರುತ್ತದಲ್ಲ, ಆ ಬಗೆಯ ಕೆಲಸ. ಆಗಿನ ಕಾನೂನಿನಂತೆ ಬೆಸ್ಲಿಯವರಿಗೆ ಮೂರು ವರ್ಷ ಮಾತ್ರ ಅದರ ಹಕ್ಕು ಸಿಕ್ಕಿತು. ಅವಧಿ ಮುಗಿದೊಡನೆ ಬೇರೆಯವರೆಲ್ಲ ನಕಲು ಮಾಡಿದರು. ಆದರೂ ಅವರೇನೂ ಸೋಲಲಿಲ್ಲ. ಮುಂದೆ 1869ರಲ್ಲಿ ಅವರು ಲಂಡನ್ನಿನ ಲಾರ್ಡ್ ಮೇಯರ್ ಆದರು.

ಇನ್ನು ನಮ್ಮ ಹುಡುಗಿ ಆರಿಸಿದ ರಾಕ್‌ವೆಲ್ 1934ರಲ್ಲಿ ಮೊನೋಟೈಪ್ ಕಂಪನಿಯಿಂದ ಬಂದದ್ದು. ಅದನ್ನು ಗುರುತಿಸುವುದು ಸುಲಭ. ದೊಡ್ಡಕ್ಷರದ 'ಎ'ಗೆ ಕೆಳಗೆ ಎರಡು ಬೂಟು ಇರುವುದಷ್ಟೇ ಅಲ್ಲ, ನೆತ್ತಿಯ ಮೇಲೂ ಒಂದು ಚಪ್ಪಡಿ ಇರುತ್ತದೆ. ವೆನಿಸ್‌ನ ಇಟ್ಯಾಲಿಕ್‌ನಲ್ಲಿ ಕೈಬರಹದ ಬಳುಕು ಇತ್ತು. ರಾಕ್‌ವೆಲ್‌ನ ಇಟ್ಯಾಲಿಕ್‌ನಲ್ಲಿ ಬಳುಕಿಲ್ಲ. ನೆಟ್ಟಗಿನ ಅಕ್ಷರವೇ ಬಲಕ್ಕೆ ವಾಲುತ್ತದೆ. ಬೋಲ್ಡ್ ಕೂಡ ಸೇರಿದರೆ ಪೈಲ್ವಾನನೊಬ್ಬ ಓಟಕ್ಕೆ ನಿಂತಂತೆ. ತೂಕವೂ ಇದೆ, ವೇಗವೂ ಇದೆ.

ಟೈಪ್‌ರೈಟರಿನ ದಿನಗಳು

ಅಜ್ಜ ಅಜ್ಜಿಯರಿಗೆ ಈ ಅಕ್ಷರ ಹೊಸದಲ್ಲ. ನಾವು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಣ್ಣು ಮುಚ್ಚಿ ಕುಟ್ಟಿದ ಅಕ್ಷರಗಳಿಗೂ ಚಪ್ಪಡಿ ಪಾದವೇ ಇತ್ತು. ಅದಕ್ಕೊಂದು ಕಾರಣವುಂಟು. ಟೈಪ್‌ರೈಟರಿನಲ್ಲಿ ಪ್ರತಿ ಅಕ್ಷರ ಕುಟ್ಟಿದಾಗಲೂ ಕಾಗದ ಒಂದೇ ಅಳತೆ ಸರಿಯುತ್ತದೆ. ಅಗಲವಾದ 'ಎಂ'ಗೂ ಅಷ್ಟೇ ಜಾಗ, ಕಡ್ಡಿಯಂಥ 'ಐ'ಗೂ ಅಷ್ಟೇ ಜಾಗ. 'ಐ' ಸುಮ್ಮನೆ ನಿಂತರೆ ಎರಡೂ ಕಡೆ ಖಾಲಿ ಬಿದ್ದು ಪದ ಹರಿದಂತೆ ಕಾಣುತ್ತದೆ. ಅದಕ್ಕೆ ಅಗಲವಾದ ಪಾದ ಕೊಟ್ಟರೆ ಜಾಗ ತುಂಬುತ್ತದೆ. ಬಸ್ಸಿನಲ್ಲಿ ತೆಳ್ಳಗಿನವರು ಪಕ್ಕದಲ್ಲಿ ಚೀಲ ಇಟ್ಟುಕೊಂಡು ಸೀಟು ತುಂಬಿಸಿದ ಹಾಗೆ.

1950ರ ದಶಕದಲ್ಲಿ ಐಬಿಎಂ ಕಂಪನಿಯ ಟೈಪ್‌ರೈಟರುಗಳಿಗಾಗಿ ಹೋವರ್ಡ್ ಕೆಟ್ಲರ್ ರೂಪಿಸಿದ 'ಕೊರಿಯರ್' ಎಂಬ ಅಕ್ಷರ ಈ ಜಾತಿಯಲ್ಲಿ ಅತಿ ಪ್ರಸಿದ್ಧ. ಹಾಲಿವುಡ್ಡಿನಲ್ಲಿ ಚಿತ್ರಕಥೆಯನ್ನು ಇಂದಿಗೂ ಕೊರಿಯರ್‌ನಲ್ಲೇ ಬರೆಯುವ ರೂಢಿ. ಆ ಅಕ್ಷರದ ಒಂದು ಪುಟಕ್ಕೆ ತೆರೆಯ ಮೇಲೆ ಹೆಚ್ಚುಕಡಿಮೆ ಒಂದು ನಿಮಿಷ ಎಂಬುದು ಅವರ ಲೆಕ್ಕ.

ಆದರೆ ನಮ್ಮ ಟೈಪ್‌ರೈಟರಿನಲ್ಲಿ ಬೋಲ್ಡ್ ಗುಂಡಿಯೂ ಇರಲಿಲ್ಲ, ಇಟ್ಯಾಲಿಕ್ ಗುಂಡಿಯೂ ಇರಲಿಲ್ಲ. ದಪ್ಪ ಬೇಕಾದರೆ ಹಿಂದೆ ಸರಿದು ಅದೇ ಅಕ್ಷರದ ಮೇಲೆ ಇನ್ನೊಮ್ಮೆ ಕುಟ್ಟಬೇಕು. ಓರೆ ಬೇಕಾದರೆ ಸಾಧ್ಯವೇ ಇಲ್ಲ. ಕೆಳಗೆ ಗೆರೆ ಎಳೆಯಬೇಕು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು ಹಸ್ತಪ್ರತಿಯಲ್ಲಿ ನೇರ ಗೆರೆ ಕಂಡರೆ ಓರೆ ಅಕ್ಷರ, ಅಲೆಅಲೆಯ ಗೆರೆ ಕಂಡರೆ ದಪ್ಪಕ್ಷರ ಎಂದು ತಿಳಿಯುತ್ತಿದ್ದರು.

ನಾನು ಟೈಪ್ ಮಾಡಿದ ನೋಟೀಸು

ಈಗ ಆ ಕಥೆ. ಆಗ ನಾನು ಒಂದು ಚಿಕ್ಕ ಊರಿನ ಶಾಖೆಯಲ್ಲಿ ಗುಮಾಸ್ತ. ಆ ಕಾಲದಲ್ಲಿ ಜೂನ್ 30ರಂದು ಅರ್ಧ ವರ್ಷದ ಲೆಕ್ಕ ಮುಗಿಸುವ ಕೆಲಸ, ಗ್ರಾಹಕರಿಗೆ ವ್ಯವಹಾರವಿಲ್ಲ. ಹತ್ತು ದಿನ ಮೊದಲೇ ನೋಟೀಸು ಹಾಕಲು ಮ್ಯಾನೇಜರು ಹೇಳಿದರು. ಜೊತೆಗೆ ಲಾಕರ್ ಬಾಡಿಗೆ, ಪಾಸ್‌ಬುಕ್ ತಂದು ಬರೆಸಿಕೊಳ್ಳುವುದು, ಠೇವಣಿಯ ಬಡ್ಡಿ ಎಂದು ಇನ್ನೂ ನಾಲ್ಕು ವಿಷಯ ಸೇರಿಸಿದರು.

ನಾನು ಬಹಳ ಶ್ರದ್ಧೆಯಿಂದ ಟೈಪ್ ಮಾಡಿದೆ. ಎಲ್ಲವೂ ದೊಡ್ಡಕ್ಷರ. ಎಲ್ಲ ಸಾಲಿನ ಕೆಳಗೂ ಗೆರೆ. ಎಲ್ಲವನ್ನೂ ಎರಡೆರಡು ಸಲ ಕುಟ್ಟಿದೆ. ಎಲ್ಲವೂ ಮುಖ್ಯ ಅನ್ನಿಸಿತ್ತು. ಬಾಗಿಲ ಪಕ್ಕದ ಹಲಗೆಗೆ ಅಂಟಿಸಿ ದೂರದಿಂದ ನೋಡಿ ಹೆಮ್ಮೆಪಟ್ಟುಕೊಂಡೆ.

ಜೂನ್ 30ರ ಬೆಳಿಗ್ಗೆ ಹಳ್ಳಿಯಿಂದ ಒಬ್ಬ ಯಜಮಾನರು ಮೊದಲ ಬಸ್ಸಿಗೆ ಬಂದರು. ಮೊಮ್ಮಗನ ಹಾಸ್ಟೆಲ್ ಫೀಸು ಕಟ್ಟಲು ಅಂದೇ ಕೊನೆಯ ದಿನ. ಎಂಬತ್ತೈದು ರೂಪಾಯಿ ಬೇಕಿತ್ತು. ನಾನು ಬಾಗಿಲಿಗೆ ಹೋಗಿ, "ಇವತ್ತು ವ್ಯವಹಾರ ಇಲ್ಲ, ನೋಟೀಸು ಹಾಕಿದ್ದೇವಲ್ಲ" ಎಂದೆ. ಸ್ವಲ್ಪ ಗಡುಸಾಗಿಯೇ ಹೇಳಿದೆ ಎಂದು ಈಗ ಅನ್ನಿಸುತ್ತದೆ.

"ಹೋದ ವಾರ ಬಂದಾಗ ಪಿಯುಸಿ ಓದೋ ನಮ್ಮ ಅಳಿಯನ ಕೈಲಿ ಓದಿಸಿದ್ದೆ ಸ್ವಾಮಿ. ಬಡ್ಡಿ, ಬಾಡಿಗೆ ಅಂತ ಏನೇನೋ ಇದೆ ಅಂದ. ಎಲ್ಲಿ ಬರ್ದಿದ್ದೀರಿ, ತೋರಿಸಿ" ಎಂದರು.

ತೋರಿಸಲು ಹೋದೆ. ಬೆರಳು ಮೇಲಿನಿಂದ ಕೆಳಕ್ಕೆ ಬಂತು. ಸಿಗಲಿಲ್ಲ. ಮತ್ತೆ ಮೇಲಿನಿಂದ ಹುಡುಕಿದೆ. ಆ ಸಾಲನ್ನು ಟೈಪ್ ಮಾಡಿದವನು ನಾನೇ. ನನಗೇ ಅದು ಎರಡನೇ ಸಲಕ್ಕೆ ಸಿಕ್ಕಿತು. ಯಜಮಾನರು ಏನೂ ಮಾತಾಡಲಿಲ್ಲ. ನನ್ನ ಬೆರಳನ್ನೇ ನೋಡುತ್ತಾ ನಿಂತಿದ್ದರು. ಅವರು ಬೈದಿದ್ದರೆ ನಾನು ಅಂದೇ ಮರೆತುಬಿಡುತ್ತಿದ್ದೆನೋ ಏನೋ.

ಒಳಗೆ ಹೋಗಿ ನಾವು ಮೂವರು ಜೇಬು ತಡಕಿ ಎಂಬತ್ತೈದು ರೂಪಾಯಿ ಒಟ್ಟು ಮಾಡಿ ಕೊಟ್ಟೆವು. ಎರಡು ದಿನ ಬಿಟ್ಟು ಅವರು ಹಣ ತೆಗೆದು ಲೆಕ್ಕವಾಗಿ ಹಿಂದಿರುಗಿಸಿದರು. ಹುಡುಗನ ಹಾಸ್ಟೆಲ್ ಸೀಟು ಉಳಿಯಿತು. ಆದರೆ ಆ ದಿನ ನಮ್ಮ ಜೇಬಿನಲ್ಲಿ ಹಣ ಇಲ್ಲದಿದ್ದರೆ?

ಡಿಸೆಂಬರಿನಲ್ಲಿ ಮತ್ತೆ ಅದೇ ನೋಟೀಸು ಬಂತು. ಈ ಸಲ ಎರಡು ಹಾಳೆ ಮಾಡಿದೆ. ಉಳಿದ ವಿಷಯವೆಲ್ಲ ಒಂದರಲ್ಲಿ, ಸಾಧಾರಣ ಅಕ್ಷರದಲ್ಲಿ. ಇನ್ನೊಂದರಲ್ಲಿ ತಾರೀಕು ಮತ್ತು 'ವ್ಯವಹಾರ ಇಲ್ಲ' ಎಂಬ ಮಾತು ಮಾತ್ರ, ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಕೆಳಗೆ ಕನ್ನಡದಲ್ಲಿ ಕೈಯಿಂದ ಬರೆದು. ಸುತ್ತಲೂ ಖಾಲಿ ಜಾಗ. ಕಾಗದ ದಂಡವಾಯಿತು ಎಂದು ಮ್ಯಾನೇಜರು ಗೊಣಗಿದರು. ಆದರೆ ಆ ದಿನ ಯಾರೂ ಬಂದು ಬಾಗಿಲಲ್ಲಿ ನಿಲ್ಲಲಿಲ್ಲ.

ಎಲ್ಲಿ ಬಳಸಬೇಕು?

ಈ ಕಥೆ ಕೇಳಿ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಾವಿಬ್ಬರೂ ಕಂಪ್ಯೂಟರಿನ ಮುಂದೆ ಕುಳಿತು ಯಾವುದು ಎಲ್ಲಿಗೆ ಹೊಂದುತ್ತದೆ ಎಂದು ಪರೀಕ್ಷೆ ಮಾಡಿದೆವು. ನಮಗೆ ಕಂಡದ್ದು ಇಷ್ಟು.

ಒಂದು: ದಪ್ಪ, ಓರೆ, ಚಪ್ಪಡಿ ಪಾದ ಮೂರೂ ಸೇರಿದ ಅಕ್ಷರ ಜೋರು ದನಿಯ ಮನುಷ್ಯನಂತೆ. ಒಂದು ಮಾತು ಕೂಗಲಿ, ಚೆನ್ನ. ಇಡೀ ಪುಟ ಕೂಗಿದರೆ ಕೇಳುವವರು ಕಿವಿ ಮುಚ್ಚಿಕೊಳ್ಳುತ್ತಾರೆ. ತಲೆಬರಹಕ್ಕೆ, ಎರಡು ಮೂರು ಪದಗಳಿಗೆ ಅದು ಸಾಕು.

ಎರಡು: ಓರೆ ಅಕ್ಷರ ಓಡುತ್ತದೆ. ಆದ್ದರಿಂದ ಓಡುವ ವಿಷಯಕ್ಕೇ ಅದು ಚೆನ್ನ: ಕ್ರೀಡಾಕೂಟ, ಸೈಕಲ್ ರೇಸು, ತಂಡದ ಅಂಗಿಯ ಮೇಲಿನ ಹೆಸರು, ಬೇಗ ಬನ್ನಿ ಎನ್ನುವ ಮಾರಾಟದ ಜಾಹೀರಾತು. 'ನಿಲ್ಲಿ', 'ಕುಡಿಯಬೇಡಿ', 'ಮುಟ್ಟಬೇಡಿ' ಎನ್ನುವ ಮಾತು ತಾನೇ ಓಡುತ್ತಿದ್ದರೆ ಓದುವವರು ನಿಲ್ಲುತ್ತಾರೆಯೇ? ಅಲ್ಲಿ ದಪ್ಪಕ್ಷರ ಇರಲಿ, ಆದರೆ ನೆಟ್ಟಗೆ ನಿಂತಿರಲಿ.

ಮೂರು: ಅಕ್ಷರ ತೀರಾ ಚಿಕ್ಕದಾಗಿದ್ದರೆ ದಪ್ಪ ಪಾದಗಳು ಒಂದಕ್ಕೊಂದು ತಾಗಿ ಮಸಿ ಮೆತ್ತಿದಂತಾಗುತ್ತದೆ. ನಮ್ಮಂಥ ಮುದುಕರ ಕಣ್ಣಿಗೆ ಅದು ಬರೀ ಕಪ್ಪು ಪಟ್ಟಿ. ದಪ್ಪಗೆ ಮಾಡುವುದಾದರೆ ದೊಡ್ಡದಾಗಿಯೂ ಮಾಡಿ, ಅಕ್ಷರಗಳ ನಡುವೆ ಸ್ವಲ್ಪ ಉಸಿರಾಡಲು ಜಾಗ ಬಿಡಿ.

ನಾಲ್ಕು: ಕನ್ನಡಕ್ಕೆ ಇಟ್ಯಾಲಿಕ್ ಗುಂಡಿ ಒತ್ತುವ ಮೊದಲು ಯೋಚಿಸಿ. ಕೈಬರಹದಲ್ಲಿ ನಾವು ಎಷ್ಟೇ ಓರೆಯಾಗಿ ಬರೆದರೂ, ನಮ್ಮ ಅಚ್ಚಿನಲ್ಲಿ ಇಂಗ್ಲಿಷಿನಂತೆ ಓರೆ ಅಕ್ಷರದ ಹಳೆಯ ಪರಂಪರೆ ಇಲ್ಲ. ಕಂಪ್ಯೂಟರು ಎಷ್ಟೋ ಸಲ ದುಂಡಗಿನ ಅಕ್ಷರವನ್ನು ಹಿಡಿದು ಸುಮ್ಮನೆ ವಾಲಿಸುತ್ತದೆ. ಒತ್ತಕ್ಷರ ಒಂದು ಕಡೆ, ತಲೆಕಟ್ಟು ಇನ್ನೊಂದು ಕಡೆ ಜಾರಿದಂತೆ ಕಾಣುತ್ತದೆ. ಕನ್ನಡದಲ್ಲಿ ಒಂದು ಮಾತು ಎದ್ದು ಕಾಣಬೇಕಾದರೆ ದಪ್ಪಕ್ಷರವೋ ಬೇರೆ ಬಣ್ಣವೋ ಸಾಕು.

ಮಕ್ಕಳೇ, ಈ ಭಾನುವಾರ ಅಜ್ಜ ಅಜ್ಜಿಯರ ಜೊತೆ ಒಂದು ಆಟ ಆಡಿ. ಮನೆಯಲ್ಲೂ ಬೀದಿಯಲ್ಲೂ ಬೂಟು ತೊಟ್ಟ ಅಕ್ಷರಗಳನ್ನು ಹುಡುಕಿ. ಹೋಂಡಾ ಎಂಬ ಹೆಸರನ್ನು ಗಾಡಿಯ ಮೇಲೆ ನೋಡಿ. ಸೋನಿ ಎಂಬ ಹೆಸರನ್ನು ಟಿವಿಯ ಮೇಲೆ ನೋಡಿ. ವೋಲ್ವೋ ಬಸ್ಸು ಹೋದರೆ ಅದರ ಹೆಸರನ್ನೂ ಗಮನಿಸಿ. ಅಟ್ಟದ ಮೇಲೆ ಟೈಪ್ ಮಾಡಿದ ಹಳೆಯ ಕಾಗದವೇನಾದರೂ ಇದ್ದರೆ ಅಜ್ಜನನ್ನು ಕೇಳಿ ತೆಗೆಸಿ, 'ಐ' ಅಕ್ಷರದ ಪಾದ ನೋಡಿ. ಯಾರಿಗೆ ಹೆಚ್ಚು ಸಿಗುತ್ತದೋ ಅವರು ಗೆದ್ದಂತೆ.

ಆ ರಾತ್ರಿ ಮೊಮ್ಮಗಳು ಸೂಚನೆಯನ್ನು ಹೊಸದಾಗಿ ಮಾಡಿದಳು. ಹತ್ತು ಸಾಲು ಮೂರಾಯಿತು. ಶಾಲೆಯ ಹೆಸರು ಹೋಯಿತು. ಶಾಲೆಯ ನಲ್ಲಿಯ ಮೇಲೆ ಶಾಲೆಯ ಹೆಸರು ಯಾಕೆ ಎಂದು ಅವಳೇ ಕೇಳಿಕೊಂಡಳು. ನಡುವೆ ದೊಡ್ಡದಾಗಿ, ದಪ್ಪವಾಗಿ, ನೆಟ್ಟಗೆ 'ಕುಡಿಯಬೇಡಿ' ಎಂಬ ಒಂದೇ ಪದ. ಇಂಗ್ಲಿಷ್ ಹಾಳೆಯೂ ಹಾಗೆಯೇ. ಅವಳ ಓಡುವ ರಾಕ್‌ವೆಲ್ ಅನ್ನು ಮುಂದಿನ ಕ್ರೀಡಾಕೂಟದ ಬ್ಯಾನರಿಗೆ ಎತ್ತಿಟ್ಟಿದ್ದಾಳೆ.

ಸೋಮವಾರ ಸಂಜೆ ಬಂದವಳೇ ಬ್ಯಾಗು ಇಳಿಸುವ ಮೊದಲೇ ಹೇಳಿದಳು: "ತಾತ, ಒಂದನೇ ಕ್ಲಾಸಿನ ಒಬ್ಬ ಪುಟಾಣಿ ಬಾಟಲಿ ಹಿಡ್ಕೊಂಡು ನಲ್ಲಿ ಹತ್ರ ಬಂದ. ನಾನು ದೂರದಿಂದ ನೋಡ್ತಾ ಇದ್ದೆ. ಕು, ಡಿ, ಯ ಅಂತ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಓದಿ, ಹಾಗೇ ವಾಪಸು ಹೋದ."